ಇಲಿ ಮನೆಯ ಗಾಜಿನ ಈಚೆ

ಜಪಾನಿಗೆ ಹೋಗಿ ಏನು ನೋಡಿದೆ ಎಂದು ನಮ್ಮೂರು ಬೆಳಕವಾಡಿಯಲ್ಲಿ ಸಿಕ್ಕವರೆಲ್ಲ ಕೇಳುತ್ತಾರೆ. ಇಲಿ ನೋಡಿದೆ ಎನ್ನುತ್ತೇನೆ. ನಗುತ್ತಾರೆ. ಇಲಿ ನೋಡಲು ಅಷ್ಟು ದೂರ ಹೋಗಬೇಕಿತ್ತಾ, ನಿಮ್ಮ ಅಟ್ಟ ಹತ್ತಿದ್ದರೆ ಸಾಕಿತ್ತಲ್ಲ ಎನ್ನುತ್ತಾರೆ. ಒಬ್ಬೊಬ್ಬರಿಗೂ ಮೊದಲಿನಿಂದ ಹೇಳಿ ಬಾಯಿ ಸೋತಿದೆ. ಅದಕ್ಕೇ ಬರೆದಿಡುತ್ತಿದ್ದೇನೆ. ನಾನು ಓದಿದ್ದು ನಾಲ್ಕನೇ ಕ್ಲಾಸು. ಕಾಗುಣಿತ ತಪ್ಪಿದ ಕಡೆ ದೊಡ್ಡ ಮೊಮ್ಮಗಳು ತಿದ್ದಿದ್ದಾಳೆ. ಮಾತು ತಿದ್ದಲು ಬಿಟ್ಟಿಲ್ಲ.

ಮಂಡ್ಯ, ಹೊರಡುವ ಹಿಂದಿನ ವಾರ

ನನ್ನ ಮಗಳು ಜಯಮ್ಮನಿಗೆ ಇಬ್ಬರು ಹೆಣ್ಣುಮಕ್ಕಳು. ದೊಡ್ಡವಳು ರೂಪ. ವಿ.ಸಿ. ಫಾರಂನಲ್ಲಿ ಬೇಸಾಯದ ಓದು ಮುಗಿಸಿ, ಬೆಂಗಳೂರಿನಲ್ಲಿ ಇನ್ನೊಂದು ಓದು ಓದಿ, ಈಗ ಜಪಾನಿನಲ್ಲಿ ಡಾಕ್ಟರೇಟಿಗೆ ಸೇರಿದ್ದಾಳೆ. ಭತ್ತದ ಮೇಲೆ ಏನಾದರೂ ಓದುತ್ತಾಳೆ ಎಂದುಕೊಂಡಿದ್ದೆ. ಭತ್ತ ತಿನ್ನುವ ಇಲಿಯ ಮೇಲೆ ಓದುತ್ತಿದ್ದಾಳೆ.

ಚಿಕ್ಕವಳು ಪಲ್ಲವಿ. ಹದಿನಾರು ವರ್ಷ. ಅವಳಿಗೆ ಥಲಸ್ಸೇಮಿಯಾ ಎಂಬ ರಕ್ತದ ಕಾಯಿಲೆ. ಅವಳ ಮೈಯಲ್ಲಿ ಹುಟ್ಟುವ ರಕ್ತ ಗಟ್ಟಿಯಿಲ್ಲ, ಹುಟ್ಟುತ್ತಲೇ ಹಾಳಾಗುತ್ತದೆ. ಎಂಟು ತಿಂಗಳ ಕೂಸಾಗಿದ್ದಾಗಿನಿಂದ ಮೂರು ವಾರಕ್ಕೊಮ್ಮೆ ಮಂಡ್ಯದ ಆಸ್ಪತ್ರೆಗೆ ಹೋಗಿ ಬೇರೆಯವರ ರಕ್ತ ಹಾಕಿಸಿಕೊಂಡು ಬರುತ್ತಾಳೆ.

ಇದು ಹೇಗೆ ಬಂತು ಎಂಬುದನ್ನು ಮುಚ್ಚಿಡುವುದಿಲ್ಲ. ಜಯಮ್ಮನನ್ನು ನನ್ನ ತಮ್ಮನಿಗೇ ಕೊಟ್ಟೆ. ಗದ್ದೆ ಪಕ್ಕ, ಮನೆ ಪಕ್ಕ, ಮಗಳು ಕಣ್ಣ ಮುಂದೆ ಇರುತ್ತಾಳೆ ಎಂದು ಕೊಟ್ಟೆ. ಈ ಕಾಯಿಲೆಯ ಅರ್ಧ ನನ್ನ ರಕ್ತದಲ್ಲೂ ಇದೆಯಂತೆ, ತಮ್ಮನಲ್ಲೂ ಇದೆಯಂತೆ, ಮಗಳಲ್ಲೂ ಇದೆಯಂತೆ. ಅರ್ಧ ಇದ್ದವರಿಗೆ ಏನೂ ಆಗುವುದಿಲ್ಲ. ಎರಡು ಅರ್ಧ ಸೇರಿ ಪಲ್ಲವಿಯಲ್ಲಿ ಪೂರ್ತಿಯಾಯಿತು. ಆಗ ಯಾರೂ ನಮಗೆ ಹೇಳಲಿಲ್ಲ. ಹೇಳಿದ್ದರೆ ಕೇಳುತ್ತಿದ್ದೆ ಎಂದು ಈಗ ಬರೆದರೆ ಸುಳ್ಳಾಗುತ್ತದೆ.

ಬೆಂಗಳೂರಿನ ಡಾಕ್ಟರು ಒಂದು ದಾರಿ ಹೇಳಿದ್ದರು. ಅಕ್ಕನ ಮೂಳೆಯೊಳಗಿನ ರಕ್ತದ ಬೀಜ ತೆಗೆದು ತಂಗಿಗೆ ಹಾಕುವುದು. ಪರೀಕ್ಷೆ ಮಾಡಿ ನೋಡಿದರೆ ರೂಪಳದ್ದು ಪೂರ್ತಿ ಹೊಂದುತ್ತದೆ. ಹಿಡಿದರೆ ಮತ್ತೆ ಬೇರೆಯವರ ರಕ್ತ ಬೇಡ. ಹಿಡಿಯದಿದ್ದರೆ, ಅಥವಾ ಹಾಕಿದ ರಕ್ತವೇ ಅವಳ ಮೈಮೇಲೆ ತಿರುಗಿಬಿದ್ದರೆ, ಜೀವಕ್ಕೇ ಬರಬಹುದು. ವಯಸ್ಸು ಏರಿದಷ್ಟೂ ಕಷ್ಟ, ಬೇಗ ತೀರ್ಮಾನ ಮಾಡಿ ಎಂದರು. ಮನೆಯವರೆಲ್ಲ ರೂಪಳ ಬಾಯಿ ನೋಡಿದೆವು. ಅವಳು ಇಲಿ ಇಟ್ಟುಕೊಂಡು ಓದುತ್ತಿರುವುದೂ ಈ ರಕ್ತದ ಬೀಜದ ವಿಷಯವೇ ಅಲ್ಲವೇ. ಅವಳು ಫೋನಿನಲ್ಲಿ "ನೋಡಾಣ" ಎಂದಳು. "ನೋಡಾಣ" ಎನ್ನುತ್ತಲೇ ಒಂದು ವರ್ಷ ಹೋಯಿತು.

ಅಷ್ಟರಲ್ಲಿ ಅವ್ವ ಒಂದು ತಿಂಗಳು ಬಂದಿರಲಿ ಎಂದು ಟಿಕೆಟು ಕಳಿಸುತ್ತೇನೆಂದಳು. ಜಯಮ್ಮ ಪಲ್ಲವಿಯನ್ನು ಬಿಟ್ಟು ಎಲ್ಲಿಗೂ ಹೋಗುವವಳಲ್ಲ. ಹಾಗಾಗಿ ನನ್ನ ಹೆಸರಿಗೆ ಬಂತು. ಹೊರಡುವ ವಾರ ಪಲ್ಲವಿಯ ಜೊತೆ ಮಂಡ್ಯದ ಆಸ್ಪತ್ರೆಗೆ ಹೋಗಿದ್ದೆ. ಕೈಗೆ ಸೂಜಿ ಹಾಕಿಸಿಕೊಂಡು ಮಲಗಿದ್ದವಳು ನನ್ನ ಸೆರಗು ಎಳೆದಳು.

"ಅಜ್ಜಿ, ಫೋನಾಗೆ ಅಕ್ಕ ದಿಟ ಏಳಾಕಿಲ್ಲ. ವಿಡಿಯೋ ಮಾಡಿದ್ರೂ ಆ ಕಡೆ ಈ ಕಡೆ ನೋಡ್ತಾಳೆ. ನೀನು ಮಕ ನೋಡ್ಕಂಡು ಕೇಳ್ಕಂಬಾ."

"ಏನಂತ ಕೇಳ್ಲಿ?"

"ನನ್ ಜಾಗದಾಗೆ ಅವ್ಳೇ ಇದ್ದಿದ್ರೆ ಮಾಡುಸ್ಕತಿದ್ಲಾ ಇಲ್ವಾ ಅಂತ. ಅವ್ಳು ಊಂ ಅಂದ್ರೆ ನಾನೂ ಊಂ."

"ಊಹೂಂ ಅಂದ್ರೆ?"

"ಇಂಗೇ ಬಸ್ಸು ಅತ್ಕಂಡು ಬತ್ತಾ ಇರ್ತೀನಿ ಬುಡು. ಮಳವಳ್ಳಿ ಬಸ್ಸಿನ ಕಂಡಕ್ಟ್ರೆಲ್ಲ ನೆಂಟ್ರಂಗೆ ಆಗವ್ರೆ."

ಇಷ್ಟೇ ನನ್ನ ಪ್ರವಾಸದ ಕೆಲಸ. ಉಳಿದದ್ದೆಲ್ಲ ದಾರಿಯಲ್ಲಿ ಸಿಕ್ಕಿದ್ದು.

ವಿಮಾನ ಇಳಿದ ಕಡೆ

ಮದ್ದೂರಿನವರೆಗೆ ಎಲ್ಲರೂ ಬಂದು ಕಳಿಸಿಕೊಟ್ಟರು. ವಿಮಾನದ ಬಗ್ಗೆ ಹೇಳುವಂಥದ್ದು ಏನೂ ಇಲ್ಲ. ಕೂತೆ, ಕಾಲು ಊದಿಕೊಂಡಿತು, ಇಳಿದೆ.

ಇಳಿದ ಮೇಲೆ ಚೀಲ ತೆಗೆಸಿದರು. ರಾಗಿ ಹಿಟ್ಟನ್ನು ಮೂಸಿ ಬಿಟ್ಟರು. ಅದರ ಕೆಳಗೆ ಸ್ಟೀಲ್ ಡಬ್ಬಿಯಲ್ಲಿ ನಮ್ಮ ಮನೆಯ ರೇಷ್ಮೆ ಗೂಡು ಇಟ್ಟಿದ್ದೆ. ನಲವತ್ತು ವರ್ಷ ಹುಳು ಸಾಕಿದವಳು ನಾನು. ಪರದೇಶದವರ ಕೈಗೆ ಕೊಡಲು ನನ್ನ ಹತ್ತಿರ ಇನ್ನೇನಿದೆ? ಬಿಸಿಲಲ್ಲಿ ಚೆನ್ನಾಗಿ ಒಣಗಿಸಿದ ಹತ್ತು ಹನ್ನೆರಡು ಬಿಳಿ ಗೂಡು. ಡಬ್ಬಿ ತೆಗೆದ ಹುಡುಗಿ ಬೆಚ್ಚಿಬಿದ್ದು ಇನ್ನಿಬ್ಬರನ್ನು ಕರೆದಳು. ಅವರು ಮೂರು ಜನ ಸೇರಿ ನೋಡಿದರು. ಕೊನೆಗೆ ಒಳಗಿನಿಂದ ತಲೆ ನೆರೆತ ಒಬ್ಬ ಅಧಿಕಾರಿ ಬಂದ. ಒಂದು ಗೂಡು ಎತ್ತಿ, ಕಿವಿಯ ಹತ್ತಿರ ಹಿಡಿದು, ಗಿಲಗಿಲ ಅಲ್ಲಾಡಿಸಿದ. ನಮ್ಮ ಗೂಡಿನ ಮಾರುಕಟ್ಟೆಯಲ್ಲಿ ಕೊಳ್ಳುವವರು ಅಲ್ಲಾಡಿಸುತ್ತಾರಲ್ಲ, ಹಾಗೇ. ನಕ್ಕು, ಡಬ್ಬಿ ಮುಚ್ಚಿ, ಎರಡೂ ಕೈಯಲ್ಲಿ ನನಗೆ ಕೊಟ್ಟ. ಈ ದೇಶದಲ್ಲಿ ಗೂಡು ಗೊತ್ತಿರುವವರು ಇದ್ದಾರೆ ಎಂದು ನನಗೆ ಸಮಾಧಾನವಾಯಿತು.

ರೂಪ ಹೊರಗೆ ನಿಂತಿದ್ದಳು. ತೆಳ್ಳಗಾಗಿದ್ದಳು. ನನ್ನನ್ನು ತಬ್ಬಿಕೊಂಡು, "ಪಲ್ಲವಿ ಹೆಂಗಿದಾಳೆ?" ಎಂದಳು. ಕೇಳುವಾಗ ನನ್ನ ಚೀಲ ನೋಡುತ್ತಿದ್ದಳು. ಪಲ್ಲವಿ ಹೇಳಿದ್ದು ಸರಿ ಎನಿಸಿತು.

ಮೊದಲ ವಾರ

ರೂಪ ಇದ್ದದ್ದು ಬೆಟ್ಟಗಳ ನಡುವಿನ ಒಂದು ಊರು. ಭತ್ತ ಕೊಯ್ದು, ಕಟ್ಟಿ, ಬಿದಿರ ಗಳಕ್ಕೆ ತಲೆಕೆಳಗಾಗಿ ನೇತುಹಾಕಿ ಒಣಗಿಸುತ್ತಾರೆ. ನಮ್ಮ ನಾಲೆ ಬಯಲಿನ ಹಾಗೆ ಕಾಣುತ್ತದೆ, ಆದರೆ ಗದ್ದೆಯಲ್ಲಿ ಒಬ್ಬರೂ ಕೂಗಾಡುವುದಿಲ್ಲ. ಬಸ್ಸಿನಲ್ಲೂ ಮಾತಿಲ್ಲ. ಮೊದಲ ದಿನ ಬಸ್ಸಿನಲ್ಲಿ ನಾನು ರೂಪಳಿಗೆ ಊರ ಸುದ್ದಿ ಹೇಳತೊಡಗಿದರೆ ಅವಳು ನನ್ನ ಮಂಡಿ ಅದುಮಿದಳು. ಯಾರೂ ತಿರುಗಿ ನೋಡಲಿಲ್ಲ. ತಿರುಗಿ ನೋಡದೆಯೇ ಬೈಯುವುದು ಅವರಿಗೆ ಗೊತ್ತು.

ಮನೆಯೊಳಗೆ ಒಂದು ಚಪ್ಪಲಿ, ಕಕ್ಕಸಿಗೆ ಬೇರೆ ಚಪ್ಪಲಿ, ಚಾಪೆಯ ಮೇಲೆ ಬರಿಗಾಲು. ಕಕ್ಕಸಿನ ಚಪ್ಪಲಿಯಲ್ಲೇ ಅಡುಗೆಮನೆಗೆ ಬಂದು ಎರಡು ಸಲ ಬೈಸಿಕೊಂಡೆ. ಇದನ್ನು ನಾನು ತಪ್ಪೆನ್ನುವುದಿಲ್ಲ. ನನ್ನ ಹುಳು ಮನೆಗೂ ಬೇರೆ ಚಪ್ಪಲಿ ಇತ್ತು. ಮನೆ ಪೂರ್ತಿ ಹುಳು ಮನೆಯ ಹಾಗೆ ಇಟ್ಟಿದ್ದಾರಲ್ಲ ಎಂದುಕೊಂಡೆ.

ಕಸದ ವಿಷಯ ಮಾತ್ರ ನನಗೆ ಹಿಡಿಸಲಿಲ್ಲ. ನಮ್ಮಲ್ಲಿ ಎಲ್ಲ ತಿಪ್ಪೆಗೆ. ಅಲ್ಲಿ ಸೋಮವಾರದ ಕಸ ಬೇರೆ, ಗುರುವಾರದ ಕಸ ಬೇರೆ, ಬಾಟಲಿ ತೊಳೆದು ಇಡಬೇಕು. ನಾನು ಎಲ್ಲ ಒಂದೇ ಚೀಲಕ್ಕೆ ತುಂಬಿ ಬೆಳಿಗ್ಗೆ ಬೀದಿಯಲ್ಲಿಟ್ಟು ಬಂದೆ. ಸ್ವಲ್ಪ ಹೊತ್ತಿಗೆ ಬಾಗಿಲು ಬಡಿಯಿತು. ಪಕ್ಕದ ಮನೆಯ ಮುದುಕಿ, ನನಗಿಂತ ಹತ್ತು ವರ್ಷ ದೊಡ್ಡವಳು, ಸೊಂಟ ಬಾಗಿದವಳು, ನನ್ನ ಕಸದ ಚೀಲವನ್ನು ಎರಡೂ ಕೈಯಲ್ಲಿ ಹಿಡಿದು ನಿಂತಿದ್ದಳು. ತಲೆ ಬಾಗಿಸಿದಳು. ನಾನೂ ಬಾಗಿಸಿದೆ. ಅವಳು ಮತ್ತೆ ಬಾಗಿಸಿದಳು. ಕಸ ವಾಪಸ್ಸು ಕೊಡಲು ಇಷ್ಟು ಮರ್ಯಾದೆಯಾ? ಒಳಗೆ ಬಂದು, ನೆಲದ ಮೇಲೆ ಕೂತು, ಕಸ ಬೇರೆ ಮಾಡುವುದನ್ನು ತೋರಿಸಿಕೊಟ್ಟೇ ಹೋದಳು. ಹೆಸರು ಸಾತೊ ಎಂದು ರೂಪ ಆಮೇಲೆ ಹೇಳಿದಳು. ನಾನು ಸಾತೊ ಅಮ್ಮ ಎಂದೆ.

ಮಾರನೇ ದಿನ ಒಂದು ಬಟ್ಟಲು ಹುರುಳಿಕಾಳಿನ ಪಲ್ಯ ಕೊಟ್ಟುಬಂದೆ. ಬಟ್ಟಲು ಸಂಜೆ ವಾಪಸ್ಸು ಬಂತು, ಒಳಗೆ ಎರಡು ಸೀಬೆಕಾಯಿ ಗಾತ್ರದ ಕಿತ್ತಳೆ ಬಣ್ಣದ ಹಣ್ಣು. ನಮ್ಮಲ್ಲೂ ಪಾತ್ರೆಯನ್ನು ಬರಿದಾಗಿ ಹಿಂದಿರುಗಿಸುವುದಿಲ್ಲ. ಕಾಳಿಲ್ಲದಿದ್ದರೆ ನಾಲ್ಕು ಹರಳು ಸಕ್ಕರೆಯನ್ನಾದರೂ ಹಾಕಿ ಕೊಡುತ್ತೇವೆ. ಇವಳು ನಮ್ಮ ಪೈಕಿ ಎಂದು ಅಂದೇ ತೀರ್ಮಾನವಾಯಿತು. ನಾನು ಗೂಡಿನ ಡಬ್ಬಿ ತೆಗೆದೆ.

ಸಾತೊ ಅಮ್ಮ ಒಂದು ಗೂಡನ್ನು ಅಂಗೈಯಲ್ಲಿ ಇಟ್ಟುಕೊಂಡು ತಿರುಗಿಸಿ ತಿರುಗಿಸಿ ನೋಡಿದಳು. ಆಮೇಲೆ ಅಟ್ಟದ ಕಡೆ ಕೈ ತೋರಿಸಿದಳು. ತಟ್ಟೆ ಮೇಲೆ ತಟ್ಟೆ ಇಡುವ ಹಾಗೆ ಕೈ ಆಡಿಸಿದಳು. ತನ್ನ ಎದೆಯ ಎತ್ತರಕ್ಕೆ ಕೈ ಹಿಡಿದು, ಇಷ್ಟು ಚಿಕ್ಕವಳಿದ್ದೆ ಎಂದು ತೋರಿಸಿದಳು. ಅವಳ ತಾಯಿ ಹುಳು ಸಾಕುತ್ತಿದ್ದಳು! ಸೊಪ್ಪು ಹಾಕಿದ ಮೇಲೆ ಹುಳು ತಿನ್ನುವ ಸದ್ದು ಇದೆಯಲ್ಲ, ಅದನ್ನು ಬಾಯಲ್ಲಿ ಮಾಡಿ ತೋರಿಸಿದಳು. ನಾನೂ ಮಾಡಿದೆ. ರೂಪ ಸಂಜೆ ಬಂದಾಗ ಇಬ್ಬರು ಮುದುಕಿಯರು ಎದುರೆದುರು ಕೂತು ಪರಪರ ಸದ್ದು ಮಾಡುತ್ತಿದ್ದೆವು.

"ಏನ್ ಮಾಡ್ತಿದೀರಾ ಇಬ್ರೂ?" ಎಂದಳು.

"ಮಾತಾಡ್ತಾ ಇದೀವಿ ಕಣೆ. ಕಾಣಾಕಿಲ್ವಾ?"

ಇಲಿ ಮನೆ

ಒಂಬತ್ತನೇ ದಿನ ರೂಪ ತನ್ನ ಮೇಷ್ಟರ ಅಪ್ಪಣೆ ಪಡೆದು ಇಲಿ ಮನೆ ತೋರಿಸಲು ಕರೆದುಕೊಂಡು ಹೋದಳು. ಮೇಷ್ಟರು ಎಂದರೆ ಅವಳ ಓದಿನ ಯಜಮಾನರು, ಗಂಭೀರ ಮುಖದ ಗಿಡ್ಡ ಮನುಷ್ಯ. ಒಳಗೆ ಬಿಡುವುದಿಲ್ಲ. ಗಾಜಿನ ಕಿಟಕಿಯ ಈಚೆ ನಿಂತು ನೋಡಬೇಕು. ಒಳಗೆ ಹೋಗುವವರು ಬಟ್ಟೆ ಬದಲಿಸಿ, ತಲೆಗೆ ಬಾಯಿಗೆ ಕಟ್ಟಿಕೊಂಡು, ಮೈಮೇಲೆ ಜೋರು ಗಾಳಿ ಬಿಡಿಸಿಕೊಂಡು ಹೋಗುತ್ತಾರೆ.

ಕಪಾಟಿನ ತುಂಬ ಸಣ್ಣ ಸಣ್ಣ ಪೆಟ್ಟಿಗೆ. ಪೆಟ್ಟಿಗೆಗೊಂದು ಚೀಟಿ. ಒಳಗೆ ಬಿಳಿ ಇಲಿ. ನೋಡಿದ ಕೂಡಲೇ ನಾನು ಹೇಳಿದೆ, "ಇದು ಚಾಕಿ ಮನೆ ಕಣೆ." ಮೊಟ್ಟೆಯಿಂದ ಆಗತಾನೆ ಎದ್ದ ಹುಳುವನ್ನು ಸಾಕುವ ಕೋಣೆಗೆ ನಾವು ಚಾಕಿ ಮನೆ ಎನ್ನುತ್ತೇವೆ. ಅಲ್ಲೂ ಹೀಗೇ, ಕಂಡವರು ಕಾಲಿಡುವ ಹಾಗಿಲ್ಲ.

ರೂಪ ನಕ್ಕಳು. "ಅಲ್ಲೇ ಕಲ್ತಿದ್ದು ನಾನು. ಇಲ್ಲಿ ಕೈ ತೊಳೆಯೋದು ಯಾರೂ ನಂಗೆ ಹೇಳ್ಕೊಡ್ಲಿಲ್ಲ ಅಜ್ಜಿ."

ಆಮೇಲೆ ಅವಳು ಹೇಳಿದ್ದನ್ನು ನನಗೆ ತಿಳಿದ ಹಾಗೆ ಬರೆಯುತ್ತೇನೆ. ಈ ಇಲಿಗಳಿಗೆ ಹುಟ್ಟಿನಿಂದ ಮೈ ಕಾಯುವ ಶಕ್ತಿ ಇಲ್ಲ. ಹೊರಗಿನದು ಏನು ಒಳಗೆ ಬಂದರೂ ಓಡಿಸಲಾರವು. ಅದಕ್ಕೇ ಅಷ್ಟು ಮಡಿ. ಅದಕ್ಕೇ ಮನುಷ್ಯರ ರಕ್ತವನ್ನೂ ಅವು ಬೇಡ ಎನ್ನುವುದಿಲ್ಲ. ರಕ್ತದಲ್ಲೆಲ್ಲ ಹುಡುಕಿದರೆ ಎಲ್ಲೋ ಕೆಲವು ಕಣ ಇರುತ್ತವಂತೆ. ಅವು ತಾವು ಖರ್ಚಾಗದೆ ಹೊಸ ರಕ್ತ ಹುಟ್ಟಿಸುತ್ತಲೇ ಇರುತ್ತವೆ. ಪುಸ್ತಕದಲ್ಲಿ ಅದಕ್ಕೆ ಆಕರಕೋಶ ಎನ್ನುತ್ತಾರಂತೆ. ನನಗೆ ಅರ್ಥವಾದದ್ದು ಬಿತ್ತನೆ ಗೂಡು. ಎಲ್ಲ ಗೂಡೂ ನೂಲಿಗೆ ಹೋಗುತ್ತದೆ, ಕೆಲವನ್ನು ಮಾತ್ರ ಮುಂದಿನ ಮೊಟ್ಟೆಗೆಂದು ಎತ್ತಿಡುತ್ತಾರೆ. ಅದು ಕೆಟ್ಟರೆ ಮುಂದಿನ ಬೆಳೆಯೇ ಇಲ್ಲ.

ಕಾಯಿಲೆಯವರ ಬಿತ್ತನೆಯನ್ನು ಅವರಿಂದಲೇ ತೆಗೆದು, ಅದರಲ್ಲಿನ ತಪ್ಪು ತಿದ್ದಿ, ಇಲಿಯ ಬಾಲದ ನರಕ್ಕೆ ಹಾಕುತ್ತಾರೆ. ಅದು ತಾನೇ ದಾರಿ ಹುಡುಕಿಕೊಂಡು ಮೂಳೆಯೊಳಗೆ ಹೋಗಿ ಕೂರುತ್ತದೆ. ಹದಿನಾರು ವಾರ ಕಾಯುತ್ತಾರೆ. ಆಮೇಲೆ ಇಲಿಯ ಮೂಳೆಯಲ್ಲಿ ಮನುಷ್ಯರ ರಕ್ತ ಹುಟ್ಟುತ್ತಿದೆಯೇ, ಒಳ್ಳೆಯದು ಹುಟ್ಟುತ್ತಿದೆಯೇ ನೋಡುತ್ತಾರೆ. ನೋಡಲು ಇಲಿ ಸಾಯಬೇಕು.

"ಇದು ಪಲ್ಲವಿಗಾ?" ಎಂದೆ.

"ಪಲ್ಲವಿಗೆ ನಾನಿದೀನಿ. ಹೊಂದೋರು ಯಾರೂ ಇಲ್ದೋರು ಎಷ್ಟೋ ಜನ ಇದಾರಲ್ಲ, ಅವ್ರಿಗೆ ಈ ಇಲಿ."

ತಾನಾಗಿಯೇ ಮಾತು ಅಲ್ಲಿಗೆ ಬಂದಿತ್ತು. ಆಗಲೇ ಕೇಳಬೇಕಿತ್ತು. ಆದರೆ ಗಾಜಿನೊಳಗೆ ಒಬ್ಬ ಹುಡುಗಿ ಒಂದು ಇಲಿಯನ್ನು ಅಂಗೈ ಮೇಲಿಟ್ಟು ತೂಕ ಹಾಕುತ್ತಿದ್ದಳು. ರೂಪಳ ಕಣ್ಣು ತೂಕದ ಅಂಕಿಯ ಮೇಲೆ ನೆಟ್ಟಿತ್ತು. ಮುಂದಿನ ಸೋಮವಾರ ತನ್ನ ಇಲಿಗಳ ಹದಿನಾರನೇ ವಾರ ಎಂದಳು. ನಾನು ಬಾಯಿ ಮುಚ್ಚಿಕೊಂಡೆ. ಹುಳು ಹಣ್ಣಾಗಿ ಗೂಡು ಕಟ್ಟಲು ಹೊರಡುವ ವಾರ ನನ್ನ ಹತ್ತಿರವೂ ಯಾರೂ ಮಾತಾಡುವ ಹಾಗಿರಲಿಲ್ಲ.

ಹನ್ನೊಂದನೇ ದಿನ

ಶನಿವಾರ ಬೆಳಿಗ್ಗೆ ರೂಪ ಹೊರಗೆ ಹೋದ ಮೇಲೆ ಸಾತೊ ಅಮ್ಮ ಬಂದಳು. ಒಂದು ಕಣ್ಣಿನ ಮೇಲೆ ಕೈ ಇಟ್ಟು ತೋರಿಸಿದಳು. ಪೊರೆ ತೆಗೆಸಲು ಆಸ್ಪತ್ರೆಗೆ ಹೊರಟಿದ್ದಾಳೆ ಎಂದು ತಿಳಿಯಿತು. ಇನ್ನೊಂದು ಕೈಯಲ್ಲಿ ಒಂದು ಪಂಜರ. ಒಳಗೆ ಕಂದು ಬಣ್ಣದ, ಕೆನ್ನೆ ಊದಿಕೊಂಡ, ಬಾಲವೇ ಇಲ್ಲದ ಒಂದು ಪುಟ್ಟ ಪ್ರಾಣಿ. ಎರಡು ಬೆರಳು ಎತ್ತಿ, ಎರಡು ದಿನ ಎಂದಳು.

ನಮ್ಮೂರಿನಲ್ಲಿ ಪಕ್ಕದವರು ಊರಿಗೆ ಹೋದರೆ ಅವರ ಕೋಳಿ ನಮ್ಮ ಪಂಜರಕ್ಕೆ, ಅವರ ಎಮ್ಮೆ ನಮ್ಮ ಕೊಟ್ಟಿಗೆಗೆ. ಯಾರೂ ಯೋಚನೆ ಮಾಡುವುದಿಲ್ಲ. ನಾನೂ ಮಾಡಲಿಲ್ಲ. ಒಳಗೆ ತಂದೆ. ಪಂಜರ ಗಲೀಜಾಗಿತ್ತು. ಆ ಪ್ರಾಣಿಯನ್ನು ರೂಪಳ ಟವಲ್ಲಿನಲ್ಲಿ ಸುತ್ತಿಟ್ಟು ಪಂಜರ ತೊಳೆದೆ. ಅಷ್ಟರಲ್ಲಿ ಅದು ಟವಲ್ಲಿನಿಂದ ತಪ್ಪಿಸಿಕೊಂಡು ರೂಪಳ ಹಾಸಿಗೆಯ ಮೇಲೆಲ್ಲ ಓಡಾಡಿತು. ಹಿಡಿದು ಹುರುಳಿಕಾಳು ಹಾಕಿದೆ. ಕೆನ್ನೆಯೊಳಗೆ ತುಂಬಿಕೊಂಡಿತು.

ಮಧ್ಯಾಹ್ನ ರೂಪ ಬಂದು ಬಾಗಿಲಲ್ಲೇ ನಿಂತಳು.

"ಅಜ್ಜಿ, ಅದೇನು?"

"ಸಾತೊ ಅಮ್ಮಂದು. ಕಣ್ಣಿಗೆ ಆಪ್ರೇಸನ್ನು ಮಾಡುಸ್ಕಳಕ್ಕೆ ಓಗ್ಯದೆ ಪಾಪ. ನೋಡ್ಕ ಅಂತು, ಇಟ್ಕಂಡೆ."

"ಮುಟ್ಟಿದ್ಯಾ?"

"ಮುಟ್ದೆ ಎಂಗೆ ಪಂಜ್ರ ತೊಳೀಲಿ? ನಿನ್ ಟವಲ್ನಾಗೆ ಸುತ್ತಿದ್ದೆ. ಒಸಿ ನಿನ್ ಆಸ್ಗೆ ಮೇಲೂ ಓಡಾಡ್ತು."

ಅವಳು ಚಪ್ಪಲಿಯನ್ನೂ ಬಿಡದೆ ಹೊಸ್ತಿಲ ಮೇಲೆ ಕೂತುಬಿಟ್ಟಳು. "ಅಜ್ಜಿ, ಅದು ಇಲಿ ಜಾತಿ. ಬೇರೆ ಇಲಿ ಇರೋ ಮನೇಲಿದ್ದೋರು ಒಂದು ವಾರ ಇಲಿ ಮನೆಗೆ ಕಾಲಿಡಂಗಿಲ್ಲ. ಇದರ ಮೈಮೇಲಿನ ಒಂದು ಹುಳ ಸಾಕು, ಅಲ್ಲಿರೋವೆಲ್ಲ ಸಾಯಕ್ಕೆ."

ಸೋಮವಾರ ಅವಳ ಹದಿನಾರನೇ ವಾರ.

ಹೇಳದೆ ಹೋಗಿಬಿಡು ಎಂಬ ಮಾತು ನನ್ನ ಬಾಯಿಂದ ಬರಲಿಲ್ಲ. ಒಮ್ಮೆ ನನ್ನ ನಾದಿನಿ ಹುಳು ಮನೆಯ ಕಿಟಕಿಯ ಹತ್ತಿರ ಸೊಳ್ಳೆ ಬತ್ತಿ ಹಚ್ಚಿಟ್ಟಿದ್ದಳು. ಗೂಡು ಕಟ್ಟಲು ಎರಡು ದಿನ ಇದ್ದ ಹುಳುವೆಲ್ಲ ವಾಂತಿ ಮಾಡಿಕೊಂಡು ಸತ್ತವು. ಗೊತ್ತಾಗಲಿಲ್ಲ ಅತ್ತಿಗೆ ಎಂದು ಅವಳು ಅತ್ತಿದ್ದಳು. ಗೊತ್ತಿಲ್ಲದೆ ಮಾಡಿದರೂ ಹುಳು ಸತ್ತದ್ದು ಸತ್ತದ್ದೇ ಎಂದಿದ್ದೆ ನಾನು. ಈಗ ನಾನು ಪಂಜರ ಹಿಡಿದುಕೊಂಡು ನಿಂತಿದ್ದೆ.

ರೂಪ ಮೇಷ್ಟರಿಗೆ ಫೋನು ಮಾಡಿದಳು. ಕಾಣದಿದ್ದರೂ ಫೋನಿಗೇ ಹತ್ತು ಸಲ ತಲೆ ಬಾಗಿಸಿದಳು. ಅಂದು ಗಾಜಿನೊಳಗೆ ಇಲಿಯ ತೂಕ ಹಾಕುತ್ತಿದ್ದ ಹುಡುಗಿಯೇ ಸೋಮವಾರ ಇವಳ ಕೆಲಸ ಮಾಡುವುದು ಎಂದಾಯಿತು. ಫೋನು ಇಟ್ಟು ನನ್ನ ಕಡೆ ತಿರುಗಿದಳು.

"ಸೊಳ್ಳೆಬತ್ತಿ ಹಚ್ಚಿದ್ದಕ್ಕೆ ನೀನು ಅವ್ರ ಜೊತೆ ಎಷ್ಟು ದಿನ ಮಾತು ಬಿಟ್ಟಿದ್ದೆ?"

"ಎರಡು ವರ್ಸ."

"ನಾನೆಷ್ಟು ಬಿಡ್ಲಿ?"

"ನಂಗೆ ಈಗ ಎಪ್ಪತ್ತೊಂದು. ನೋಡ್ಕಂಡು ಬುಡು."

ಅವಳು ನಗಲಿಲ್ಲ. ಎರಡು ದಿನ ಮಾತಾಡಲಿಲ್ಲ.

ಹೊರಗೆ ಕೂತ ವಾರ

ಸಾತೊ ಅಮ್ಮ ಕಣ್ಣಿಗೆ ಪಟ್ಟಿ ಕಟ್ಟಿಕೊಂಡು ಹಿಂದಿರುಗಿದಳು. ಆದದ್ದನ್ನು ರೂಪ ಹೇಳಿದ ಕೂಡಲೇ ಅವಳು ಚಾಪೆಯ ಮೇಲೆ ಕೂತು ಹಣೆ ನೆಲಕ್ಕೆ ಮುಟ್ಟಿಸಿದಳು. ನಾನು ಎಬ್ಬಿಸಲು ಹೋದೆ, ಏಳಲಿಲ್ಲ. ತಪ್ಪು ನನ್ನದು ಎಂದು ನಾನೂ ಕೂತು ಹಣೆ ಮುಟ್ಟಿಸಿದೆ. ನನ್ನ ಮಂಡಿ ಹಿಡಿದುಕೊಂಡು ಮೇಲೇಳಲು ಆಗಲಿಲ್ಲ. ರೂಪ ಇಬ್ಬರನ್ನೂ ತೋಳು ಹಿಡಿದು ಎತ್ತಬೇಕಾಯಿತು. ಎತ್ತುವಾಗ ಅವಳಿಗೆ ನಗು ಬಂದುಬಿಟ್ಟಿತು.

ಆ ದಿನ "ಉಪ್ಸಾರು ಮಾಡು ಅಜ್ಜಿ" ಎಂದಳು. ಮುದ್ದೆ ಕಟ್ಟಿದೆ. ಅವಳು ಹಗಲು ಹೊತ್ತು ಮನೆಯಲ್ಲಿ ಕೂತು ಊಟ ಮಾಡಿದ್ದನ್ನು ನಾನು ಅಲ್ಲಿಗೆ ಬಂದ ಮೇಲೆ ಅದೇ ಮೊದಲು ನೋಡಿದ್ದು. ಎರಡನೇ ಮುದ್ದೆಗೆ ಕೈ ಹಾಕಿದಾಗ ಕೇಳಿದೆ.

"ಪಲ್ಲವಿ ಒಂದು ಮಾತು ಕೇಳ್ಕಂಬಾ ಅಂದವ್ಳೆ. ಅವ್ಳ ಜಾಗದಾಗೆ ನೀನಿದ್ದಿದ್ರೆ ಮಾಡುಸ್ಕತಿದ್ದಾ ಇಲ್ವಾ? ಮಕ ಎತ್ತು. ಮಕ ನೋಡ್ಕಂಡು ಬಾ ಅಂದವ್ಳೆ."

ಅವಳು ಎತ್ತಲಿಲ್ಲ. ಸಾರಿನಲ್ಲಿ ಬೆರಳಾಡಿಸುತ್ತಾ ಕೂತಳು.

"ಅಜ್ಜಿ, ಕೆಲವು ಇಲಿ ಬೆನ್ನು ಬಗ್ಗಿಸ್ಕೊಂಡು ಮೂಲೇಲಿ ಕೂರ್ತವೆ. ಕೂದ್ಲು ಕೆದರ್ಕೊಂಡಿರುತ್ತೆ. ಹಾಕಿದ ರಕ್ತ ಅವುಗಳ ಮೈಯನ್ನೇ ತಿಂತಿರುತ್ತೆ. ದಿನಾ ತೂಕ ಹಾಕ್ತೀನಿ, ದಿನಾ ಒಂಚೂರು ಕಮ್ಮಿ. ಅಂಥ ದಿನ ಪಲ್ಲವಿ ಫೋನು ಬಂದ್ರೆ ಎತ್ತಕ್ಕೇ ಆಗಲ್ಲ ನಂಗೆ."

"ಅಂಗಾರೆ ಬ್ಯಾಡ ಅನ್ನು. ಕಾಯ್ತಾ ಕುಂತದೆ ಮಗ."

"ಅದನ್ನೂ ಅನ್ನಕ್ಕಾಗಲ್ಲ. ಚೆನ್ನಾಗಿರೋ ಇಲೀನೂ ನಾನೇ ನೋಡಿದೀನಲ್ಲ. ಗುಂಡುಗುಂಡಗೆ ಓಡಾಡ್ಕೊಂಡು, ಒಳಗೆಲ್ಲ ಮನುಷ್ಯರ ರಕ್ತ." ಈಗ ಮುಖ ಎತ್ತಿದಳು. "ಅವ್ಳಿಗೆ ಹಾಕೋದು ನನ್ ರಕ್ತ ಅಜ್ಜಿ. ತಿರುಗಿಬಿದ್ರೆ, ಅವ್ಳನ್ನ ತಿನ್ನೋದು ನಾನೇ ಅಲ್ವಾ?"

ನನಗೆ ಸಮಾಧಾನ ಮಾಡಲು ಬರುವುದಿಲ್ಲ. ಗೊತ್ತಿದ್ದದ್ದನ್ನು ಹೇಳಿದೆ.

"ನಿಮ್ಮವ್ವನ್ನ ನನ್ ತಮ್ಮಂಗೆ ಕೊಟ್ಟೋಳು ಯಾರು? ನಾನು. ಅದ್ರಿಂದ ಆ ಮಗೀಗೆ ಇಂಗಾಯ್ತು ಅಂತ ಡಾಕ್ಟ್ರು ಎಲ್ರ ಮುಂದೆ ಏಳುದ್ರು. ನಾನೇನು ಸತ್ತೋದ್ನಾ? ಮಾರ್ನೆ ದಿನ ಎದ್ದು ಉಳೀಗೆ ಸೊಪ್ಪಾಕ್ದೆ. ಮೂರು ವಾರಕ್ಕೆ ಬಸ್ಸತ್ತುದ್ದೆ. ನಿನ್ನಿಂದ ಅವ್ಳಿಗೇನಾರ ಆದ್ರೆ ನೀನೂ ಒತ್ಕಂಡು ಬದುಕ್ತೀಯ ಕಣವ್ವ. ಎಂಗೆ ಅಂತ ನಾನು ಏಳ್ಕೊಡ್ತೀನಿ. ಆದ್ರೆ ಬಾಯ್ ಮುಚ್ಕಂಡು ಕುಂತಿರದು ಬ್ಯಾಡ. ಅವ್ಳ ವಯಸ್ಸು ನಿಂಗೆ ಕಾಯಾಕಿಲ್ಲ."

ಅವಳು ಅತ್ತಳು. ನಾನು ಮುದ್ದೆ ಆರಿಹೋಗುತ್ತದೆ, ತಿನ್ನು ಎಂದೆ. ತಿಂದಳು. ಉತ್ತರ ಮಾತ್ರ ಕೊಡಲಿಲ್ಲ. ಸಂಜೆ ಆ ಹುಡುಗಿಯಿಂದ ಸುದ್ದಿ ಬಂತು: ತಿದ್ದಿದ ರಕ್ತ ಬಹುಪಾಲು ಇಲಿಗಳಲ್ಲಿ ಹಿಡಿದಿದೆ. ರೂಪ ಆ ಸುದ್ದಿಯನ್ನು ನಾಲ್ಕು ಸಲ ಓದಿದಳು.

ಕಲ್ಲಿನ ಮುಂದೆ

ಆ ದೇಶದಲ್ಲಿ ಒಂದು ಪದ್ಧತಿ ಇದೆ. ವರ್ಷಕ್ಕೊಂದು ದಿನ, ಹೀಗೆ ಓದಿಗಾಗಿ ಸತ್ತ ಪ್ರಾಣಿಗಳಿಗೆ ಎಲ್ಲರೂ ಸೇರಿ ನಮಸ್ಕಾರ ಮಾಡುತ್ತಾರೆ. ಕಾಲೇಜಿನ ಹಿಂದೆ ಮರಗಳ ಕೆಳಗೆ ಒಂದು ಕಲ್ಲು ನಿಲ್ಲಿಸಿದ್ದಾರೆ. ಆ ವಾರವೇ ಅದು ಬಂತು. ಇಲಿ ಮನೆಯೊಳಗೆ ಹೋಗುವ ಹಾಗಿಲ್ಲ, ಕಲ್ಲಿನ ಹತ್ತಿರ ಹೋಗಬಹುದು. ರೂಪ ಕಪ್ಪು ಬಟ್ಟೆ ಹಾಕಿಕೊಂಡಳು. ನಾನು ಬೂದು ಬಣ್ಣದ ಸೀರೆ ಉಟ್ಟೆ.

ಎಲ್ಲರ ಕೈಗೂ ಒಂದೊಂದು ಬಿಳಿ ಸೇವಂತಿಗೆ ಕೊಟ್ಟರು. ಭಾಷಣ ಏನೂ ಇಲ್ಲ. ಒಬ್ಬೊಬ್ಬರೇ ಹೋಗಿ ಹೂ ಇಟ್ಟು, ತಲೆ ಬಾಗಿಸಿ, ಹಿಂದೆ ಬರುವುದು. ಗಂಭೀರ ಮುಖದ ಮೇಷ್ಟರು ಕಣ್ಣು ಮುಚ್ಚಿ ಎಲ್ಲರಿಗಿಂತ ಹೆಚ್ಚು ಹೊತ್ತು ನಿಂತರು. ತೂಕ ಹಾಕುವ ಹುಡುಗಿ ಒಂದು ಹಿಡಿ ಇಲಿಯ ತಿಂಡಿಯನ್ನು ಕಾಗದದಲ್ಲಿ ಕಟ್ಟಿ ತಂದು ಕಲ್ಲಿನ ಬುಡದಲ್ಲಿ ಇಟ್ಟಳು.

ನನ್ನ ಸರದಿ ಬಂತು. ನಲವತ್ತು ವರ್ಷದಲ್ಲಿ ನನ್ನ ಕೈಯಿಂದ ಹೋದ ಗೂಡಿನೊಳಗಿನ ಹುಳುವೆಲ್ಲ ಬಿಸಿನೀರಿನಲ್ಲಿ ಬೆಂದಿವೆ. ಗೂಡಿನ ಬುಟ್ಟಿಗೆ ಪೂಜೆ ಮಾಡಿದ್ದೇನೆ, ಒಳ್ಳೆಯ ಬೆಲೆ ಬರಲಿ ಎಂದು. ಸತ್ತದ್ದಕ್ಕೆ ಎಂದು ಒಂದು ಹೂ ಇಟ್ಟವಳಲ್ಲ. ಸಾಕಬಾರದಿತ್ತು ಎಂದು ಈಗಲೂ ಅನ್ನುವುದಿಲ್ಲ. ಆ ಹುಳುವಿನಿಂದಲೇ ಈ ಹುಡುಗಿಯರು ಓದಿದ್ದು. ಹೂ ಇಟ್ಟು, ಅವಕ್ಕೂ ಸೇರಿಸಿ ಕೈ ಮುಗಿದೆ.

ನನ್ನ ಹಿಂದೆ ರೂಪ ಹೋದಳು. ಹೂ ಇಟ್ಟಳು. ಬೇಗ ಬರಲಿಲ್ಲ. ಅವಳು ಹೀಗೇ ಹುಳು ಮನೆಯ ಬಾಗಿಲಲ್ಲಿ ನಿಲ್ಲುತ್ತಿದ್ದಳು, ಏಳು ವರ್ಷದವಳಿದ್ದಾಗ, ಒಳಗೆ ಬರಲಾ ಎಂದು ಕೇಳುತ್ತಾ.

ವಾಪಸ್ಸು ಬರುವ ದಾರಿಯಲ್ಲಿ ಹೇಳಿದಳು, "ಮಾಡಿಸ್ಕೊತಿದ್ದೆ ಅಜ್ಜಿ."

"ನಂಗ್ಯಾಕೆ ಏಳ್ತೀಯ? ಫೋನ್ ತಗಿ."

ಅಲ್ಲೇ ಮರದ ಕೆಳಗೆ ನಿಂತು ಮಾಡಿದಳು. ಊರಲ್ಲಿ ಆಗ ಬೆಳಿಗ್ಗೆ. ಪಲ್ಲವಿ ಮಂಡ್ಯದ ಆಸ್ಪತ್ರೆಯಲ್ಲಿ ಕೈಗೆ ಸೂಜಿ ಹಾಕಿಸಿಕೊಂಡು ಮಲಗಿದ್ದಳು. ಮೇಲೆ ಕೆಂಪು ಚೀಲ ತೂಗುತ್ತಿತ್ತು.

"ಫೋನ್ ಸರ್ಯಾಗಿ ಇಡ್ಕೊ ಅಕ್ಕ. ಬರೀ ಮರ ಕಾಣ್ತದೆ."

ರೂಪ ಸರಿಯಾಗಿ ಹಿಡಿದಳು. "ನಿನ್ ಜಾಗದಲ್ಲಿದ್ರೆ ನಾನು ಮಾಡಿಸ್ಕೊತಿದ್ದೆ ಪಲ್ಲು. ಹೆದರ್ಕೊಂಡು ಹೆದರ್ಕೊಂಡೇ ಮಾಡಿಸ್ಕೊತಿದ್ದೆ. ಇಷ್ಟು ದಿನ ಹೇಳ್ದೇ ಇದ್ದಿದ್ದು ತಪ್ಪು."

ಪಲ್ಲವಿ ಅಕ್ಕನ ಮುಖವನ್ನೇ ನೋಡಿದಳು. ರೂಪಳೂ ಕಣ್ಣು ತಪ್ಪಿಸಲಿಲ್ಲ.

"ಅಜ್ಜೀ, ದಿಟ ಏಳ್ತಾವ್ಳಾ?"

"ಮೂಗು ಕೆಂಪಗಾಗ್ಯದೆ. ದಿಟವೇ."

"ಸರಿ ಬಾ ಅಕ್ಕ ಅಂಗಾರೆ. ನನ್ ಪರೀಕ್ಸೆ ಮುಗೀಲಿ."

ಹೊರಡುವ ದಿನ ಸಾತೊ ಅಮ್ಮ ಬಸ್ಸಿನವರೆಗೂ ಬಂದಳು. ಹಿಂದಿನ ದಿನ ಮತ್ತೆ ಪಲ್ಯ ಹಾಕಿ ಕೊಟ್ಟಿದ್ದ ನನ್ನ ಬಟ್ಟಲು ಅವಳ ಹತ್ತಿರವೇ ಉಳಿದಿತ್ತು. ಒಳಗೆ ಒಣಗಿಸಿದ ಹಣ್ಣು ತುಂಬಿ ತಂದಿದ್ದಳು. ನಾನು ಗೂಡೆಲ್ಲ ಅವಳಿಗೇ ಕೊಟ್ಟುಬಂದೆ. ಬಸ್ಸು ಹೊರಟಾಗ ಒಂದನ್ನು ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸುತ್ತಿದ್ದಳು.

ಬೆಂಗಳೂರು

ಈಗ ಇದನ್ನು ಬರೆಯುತ್ತಿರುವುದು ಬೆಂಗಳೂರಿನ ಆಸ್ಪತ್ರೆಯ ಮೊಗಸಾಲೆಯಲ್ಲಿ. ಪಲ್ಲವಿಯ ಪರೀಕ್ಷೆ ಮುಗಿದ ಮೇಲೆ ರೂಪ ರಜೆ ಹಾಕಿ ಬಂದಳು. ಅವಳ ಸೊಂಟದ ಮೂಳೆಯಿಂದ ಬಿತ್ತನೆ ತೆಗೆದರು. ಎರಡು ದಿನ ಸೊಂಟ ಹಿಡಿದುಕೊಂಡು ನಡೆದಳು, ಥೇಟು ಸಾತೊ ಅಮ್ಮನ ಹಾಗೆ. ಅದಕ್ಕೂ ಮುಂಚೆ ಪಲ್ಲವಿಗೆ ಔಷಧಿ ಕೊಟ್ಟು ಅವಳ ಹಳೆಯ ರಕ್ತ ಹುಟ್ಟುವ ಜಾಗವನ್ನೆಲ್ಲ ಬರಿದು ಮಾಡಿದ್ದರು. ಆ ಮೇಲೆ ಅಕ್ಕನದನ್ನು ಒಂದು ಚೀಲದಲ್ಲಿ ತೂಗುಹಾಕಿ ಹನಿಹನಿಯಾಗಿ ಬಿಟ್ಟರು. ನೋಡಲು ಮಂಡ್ಯದಲ್ಲಿ ಹಾಕುತ್ತಿದ್ದ ಚೀಲದ ಹಾಗೇ ಇತ್ತು.

ಇಂದಿಗೆ ಹದಿನೇಳು ದಿನ. ಇಷ್ಟು ದಿನ ಅವಳ ಮೈಯಲ್ಲಿ ತನ್ನದೂ ಇಲ್ಲ, ಅಕ್ಕನದೂ ಇಲ್ಲ. ಸಣ್ಣ ಶೀತ ತಗುಲಿದರೂ ಕಷ್ಟ. ಗಾಜಿನ ಕೋಣೆಯಲ್ಲಿ ಇಟ್ಟಿದ್ದಾರೆ. ರೂಪ ಬಟ್ಟೆ ಬದಲಿಸಿ, ಬಾಯಿಗೆ ಕಟ್ಟಿಕೊಂಡು, ಕೈ ತೊಳೆದು ಒಳಗೆ ಹೋಗುತ್ತಾಳೆ. ನಾನು ಗಾಜಿನ ಈಚೆ. ಒಳಗೆ ಬಿಡಿ ಎಂದು ಒಮ್ಮೆಯೂ ಕೇಳಿಲ್ಲ. ಮೊನ್ನೆ ಜಯಮ್ಮ ದೇವಸ್ಥಾನದಿಂದ ಮಲ್ಲಿಗೆ ಹೂ ತಂದು, ದಿಂಬಿನ ಹತ್ತಿರ ಇಡಿ ಎಂದು ನರ್ಸಿಗೆ ಕೊಡಹೊರಟಳು. ನರ್ಸು ಬಾಯಿ ತೆಗೆಯುವುದಕ್ಕೆ ಮುಂಚೆ ನಾನೇ ಕಿತ್ತುಕೊಂಡು ಹೊರಗಿನ ಕಸದ ಡಬ್ಬಿಗೆ ಹಾಕಿಬಂದೆ. ದೇವರ ಪ್ರಸಾದ ಎಂದು ಮಗಳು ಅತ್ತಳು. ಅಳಲಿ. ಮುಗಿದ ಮೇಲೆ ಮೊಳಗಟ್ಟಲೆ ಮುಡಿಸಲಿ.

ಈ ಬೆಳಿಗ್ಗೆ ಡಾಕ್ಟರು ಬಂದು ಹೇಳಿದರು: ಎಣಿಕೆ ಏರುತ್ತಿದೆ, ಹುಟ್ಟುತ್ತಿರುವುದು ಅಕ್ಕನ ರಕ್ತ, ಹಿಡಿದಿರುವ ಹಾಗಿದೆ. ಮುಂದೆ ತಿರುಗಿಬೀಳುತ್ತದೋ ಇಲ್ಲವೋ ತಿಳಿಯಲು ಇನ್ನೂ ತಿಂಗಳುಗಳು ಬೇಕು. ರೂಪ ಗೋಡೆಯ ಕಡೆ ತಿರುಗಿ ನಿಂತಳು. ನಾನು ಗಾಜಿನ ಹತ್ತಿರ ಹೋದೆ.

ಪಲ್ಲವಿ ಹಾಸಿಗೆಯ ಮೇಲೆ ಎದ್ದು ಕೂತಿದ್ದಳು. ತಲೆಯಲ್ಲಿ ಒಂದು ಕೂದಲಿಲ್ಲ. ಮುಖ ಬೆಳ್ಳಗೆ, ಕಣ್ಣು ದೊಡ್ಡದಾಗಿ, ಕಿವಿ ಎರಡೂ ಎದ್ದು ಕಾಣುತ್ತಿದ್ದವು. ಗಾಜಿನಾಚೆಯಿಂದ ನನಗೆ ಫೋನು ಮಾಡಿದಳು.

"ಅಜ್ಜಿ, ದಿಟ ಏಳು. ನಾನೀಗ ಅಕ್ಕನ ಇಲಿ ಇದ್ದಂಗೆ ಇದೀನಿ, ಅಲ್ವಾ?"

"ಥೂ, ಬುಡು ಅತ್ಲಾಗೆ," ಎಂದೆ. "ಇಲಿ ಮೈಮೇಲೆ ಕೂದ್ಲಾರ ಇರ್ತದೆ ಕಣೆ."